ಬೀಗರ ದಂಡೆಯ ಕಲ್ಲು

ಹೊಳೆಯಾಚೆಗೆ ಹೆಣ್ಣು ಕೊಡುವುದು ಹಲವಾಗಲು ಎಂಬ ಊರಿನಲ್ಲಿ ಹೊಸದೇನಲ್ಲ. ಈಚೆ ದಂಡೆ ಹರಪನಹಳ್ಳಿ ತಾಲೂಕು, ಆಚೆ ದಂಡೆ ರಾಣೆಬೆನ್ನೂರು ತಾಲೂಕು. ಜಿಲ್ಲೆ ಬೇರೆ, ಕಚೇರಿ ಬೇರೆ, ಆದರೆ ಬೇಸಿಗೆಯಲ್ಲಿ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರು ದಾಟಿದರೆ ತವರು. ಗಾದೆಪ್ಪ ತನ್ನ ಒಬ್ಬಳೇ ಮಗಳು ರೋಜಾಳನ್ನು ಆಚೆಯ ಪಾಲಯ್ಯನ ಮಗ ರಾಮಾಂಜಿನಿಗೆ ಕೊಟ್ಟಾಗ ಇದನ್ನೇ ಹೇಳಿಕೊಂಡು ಊರೆಲ್ಲ ಬೀಗಿದ್ದ. ಅವನ ಹೊಲದ ಬದುವಿನ ಮೇಲೆ ನಿಂತರೆ ಮಗಳ ಮನೆ ಕಾಣುತ್ತಿತ್ತು. ಬೆಳಗಾದರೆ ಅಲ್ಲಿ ನೀರೊಲೆಯ ಹೊಗೆ ಎದ್ದಿತೋ ಇಲ್ಲವೋ ಎಂದು ನೋಡಿಯೇ ಅವನು ಮೋಟರು ಚಾಲೂ ಮಾಡುತ್ತಿದ್ದ. ಹೆಂಡತಿ ಹೊನ್ನೂರಮ್ಮ ಮಾತ್ರ, ಹೊಳೆಯನ್ನು ನಂಬಿ ನೆಂಟಸ್ತನ ಮಾಡಿದವನು ನೀನೊಬ್ಬನೇ ಎಂದು ಆಗಾಗ ಚುಚ್ಚುತ್ತಿದ್ದಳು.

ಆ ಹೊಲ ಗಾದೆಪ್ಪನ ಜೀವ. ಊರ ಮೇಲೆ ಅವನಿಗೆ ಇನ್ನೊಂದು ಮಡ್ಡಿ ಹೊಲವಿತ್ತು ನಿಜ, ಆದರೆ ಅಲ್ಲಿ ಬೆಳೆಯುತ್ತಿದ್ದದ್ದು ಕಲ್ಲು. ಅವನ ಅಪ್ಪ, ಅಪ್ಪನ ಅಪ್ಪ ಆರಿಸಿ ಆರಿಸಿ ಬದುವಿಗೆ ಗುಡ್ಡೆ ಹಾಕಿದ್ದರೂ ಪ್ರತಿ ಸಲ ಉತ್ತಾಗಲೂ ಹೊಸ ಕಲ್ಲು ಏಳುತ್ತಿತ್ತು. ಹೊಳೆದಂಡೆಯದು ಎರೆ ಮಣ್ಣು. ಮುಷ್ಟಿಯಲ್ಲಿ ಹಿಡಿದರೆ ಅಂಗೈಗೆ ಎಣ್ಣೆ ಹಚ್ಚಿದ ಹಾಗೆ. ಅದರಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆಯುತ್ತಿದ್ದ. ಮನೆಯ ಅನ್ನ, ಮಗಳ ಮದುವೆ, ಹೊನ್ನೂರಮ್ಮನ ಮೊಣಕಾಲು ನೋವಿನ ಔಷಧಿ ಎಲ್ಲವೂ ಆ ಮಣ್ಣಿನಿಂದಲೇ ಬಂದದ್ದು.

ಪಾಲಯ್ಯ ಊರೊಳಗಿನ ಇಕ್ಕಟ್ಟು ಬೇಸರವಾಗಿ, ಕುರಿಗಳಿಗೂ ಅನುಕೂಲವಾಗಲಿ ಎಂದು ಹೊಳೆದಂಡೆಯ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದ. ಕಟ್ಟಿದಾಗ ಹೊಳೆ ದೂರವಿತ್ತು. ಒಂದು ಮಳೆಗಾಲ ಅದು ಉಕ್ಕಿ ಬಂದು ಹಿತ್ತಲಿನ ಬೇವಿನ ಮರವನ್ನು ಬೇರುಸಮೇತ ಕೆಡವಿಕೊಂಡು ಹೋಯಿತು. ರೋಜಾ ಅಪ್ಪನಿಗೆ ಫೋನು ಮಾಡಿದಳು.

"ಯಪ್ಪಾ, ದಂಡಿ ಕುಸಿಯಾಕ ಹತ್ತೈತಿ. ಮಕ್ಕಂಡ್ರ ಮಣ್ಣು ಬೀಳೋ ಸಪ್ಪಳಾ ಕೇಳ್ತೈತಿ. ನಿದ್ದಿ ಬರವಲ್ದು."

ಅಷ್ಟೇ ಹೇಳಿದ್ದು ಅವಳು. ಸಹಾಯ ಮಾಡು ಎನ್ನಲಿಲ್ಲ. ಆದರೆ ಗಾದೆಪ್ಪನಿಗೆ ಅಂದಿನಿಂದ ಊಟ ಸೇರದಾಯಿತು. ಹೊಳೆ ಇಳಿಯುವುದನ್ನೇ ಕಾದಿದ್ದು, ಬೇಸಿಗೆಯಲ್ಲಿ ಮಡ್ಡಿ ಹೊಲದ ಕಲ್ಲುಗುಡ್ಡೆಗಳನ್ನೆಲ್ಲ ಒಡೆದು ಟ್ರ್ಯಾಕ್ಟರಿಗೆ ಹೇರಿ, ಹೊಳೆಯ ಮರಳಿನಲ್ಲೇ ಟ್ರ್ಯಾಕ್ಟರ್ ಇಳಿಸಿ ಆಚೆಗೆ ಸಾಗಿಸತೊಡಗಿದ. ಮೂರು ತಲೆಮಾರು ಆರಿಸಿದ ಕಲ್ಲಿಗೆ ಕೊನೆಗೂ ಒಂದು ಉಪಯೋಗ ಬಂತಲ್ಲ ಎಂಬ ಖುಷಿ ಬೇರೆ. ಹೊಳೆದಂಡೆಯಲ್ಲಿ ಪಕ್ಕದ ಹೊಲದ ಪಂಚಾಕ್ಷರಪ್ಪ, ಹರಪನಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟ ಸ್ಥಿತಿವಂತ, ಇದನ್ನು ನೋಡಿ ನಕ್ಕ. ಮಗಳಿಗೆ ಬಂಗಾರ ಕೊಡುವವರನ್ನು ಕಂಡಿದ್ದೇನೆ, ಕಲ್ಲು ಕೊಡುವವನನ್ನು ಈಗಲೇ ಕಂಡದ್ದು ಎಂದು ಚಹಾದಂಗಡಿಯಲ್ಲಿ ಹೇಳಿ ನಾಲ್ಕು ಜನರನ್ನು ನಗಿಸಿದ. ಗಾದೆಪ್ಪನೂ ನಕ್ಕ. ಅವನಿಗೆ ಅದು ಹೊಗಳಿಕೆಯಂತೆಯೇ ಕೇಳಿಸಿತ್ತು.

ಆಚೆ ದಂಡೆಯಲ್ಲಿ ಕಲ್ಲು ಹೇಗೆ ಪೇರಿಸಬೇಕೆಂದು ಅಳಿಯ ಮೊಬೈಲಿನಲ್ಲಿ ನೋಡಿಕೊಂಡಿದ್ದ. ದಂಡೆಗೆ ಒರಗಿಸಿದರೆ ಪ್ರಯೋಜನವಿಲ್ಲ, ಹೊಳೆಯೊಳಕ್ಕೆ ಮೂಗಿನಂತೆ ಚಾಚಬೇಕು, ಆಗ ನೀರು ಅದಕ್ಕೆ ಬಡಿದು ದೂರ ಸರಿಯುತ್ತದೆ ಎಂದು ರಾಮಾಂಜಿನಿ ವಿವರಿಸಿದ. ಮಾವನಿಗೆ ಅಳಿಯನ ಬುದ್ಧಿಯ ಬಗ್ಗೆ ಅಭಿಮಾನ ಉಕ್ಕಿತು. ಬೀಗರಿಬ್ಬರೂ ಸೊಂಟಕ್ಕೆ ಟವೆಲ್ ಬಿಗಿದು, ಬೆರಳು ಜಜ್ಜಿಸಿಕೊಂಡು, ಬೇಸಿಗೆ ಮುಗಿಯುವುದರೊಳಗೆ ಮೂಗು ಚಾಚಿದ ಒಡ್ಡು ಕಟ್ಟಿ ನಿಲ್ಲಿಸಿದರು. ನೀರು ದೂರ ಸರಿಯುತ್ತದೆ ಎಂದು ಎಲ್ಲರೂ ಹೇಳಿದರು. ದೂರ ಎಂದರೆ ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ.

ಎಲ್ಲಿಗೆ ಎಂಬುದು ಮುಂದಿನ ಮಳೆಗಾಲದಲ್ಲಿ ಗೊತ್ತಾಯಿತು. ಹೊಳೆ ಬಂದು ಒಡ್ಡಿಗೆ ಬಡಿಯಿತು, ಬಡಿದು ಹೊರಳಿತು, ಹೊರಳಿ ನೇರವಾಗಿ ಗಾದೆಪ್ಪನ ಹೊಲಕ್ಕೇ ಹಾಯಿತು. ಮೊದಲು ದಂಡೆಯಿಂದ ಒಂದು ಮಾರು ಒಳಗೆ ಬೆರಳು ತೂರುವಷ್ಟು ಬಿರುಕು ಕಾಣಿಸಿಕೊಳ್ಳುತ್ತಿತ್ತು. ಮಾರನೆಯ ದಿನ ಅದರಲ್ಲಿ ಕೈ ತೂರುತ್ತಿತ್ತು. ಆಮೇಲೆ ಭತ್ತದ ಪೈರು ನಿಂತ ಹಾಗೇ, ಹಸಿರು ಹಸಿರಾಗಿಯೇ, ಅಷ್ಟುದ್ದದ ಹೊಲ ಮುಂದಕ್ಕೆ ಬಾಗಿ ನೀರಿಗೆ ಬೀಳುತ್ತಿತ್ತು. ಗಾದೆಪ್ಪ ಮೋಟರನ್ನು ಹಿಂದಕ್ಕೆ ಎಳೆದು ಕೂರಿಸಿದ, ಮತ್ತೆ ಹಿಂದಕ್ಕೆ ಎಳೆದ. ಮಳೆಗಾಲ ಮುಗಿಯುವಾಗ ಹೊಲ ಅರ್ಧಕ್ಕೆ ಬಂದಿತ್ತು. ಪಂಚಾಕ್ಷರಪ್ಪನ ಹೊಲಕ್ಕೂ ಹೊಳೆ ಬಾಯಿ ಹಾಕಿತ್ತು. ಚಹಾದಂಗಡಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ಒಬ್ಬ ಸಾಹೇಬರು ಜೀಪಿನಲ್ಲಿ ಬಂದು ಫೋಟೋ ತೆಗೆದುಕೊಂಡು, ತಡೆಗೋಡೆಗೆ ಮೇಲಕ್ಕೆ ಬರೆದಿದ್ದೇವೆ ಎಂದು ಹೇಳಿ ಹೋದರು. ಮೇಲೆ ಎಂದರೆ ಎಲ್ಲಿ ಎಂದು ಅವರಿಗೂ ಗೊತ್ತಿದ್ದಂತಿರಲಿಲ್ಲ. ದಂಡೆಯ ಹೊಲದವರೆಲ್ಲ ಸೇರಿ ಗಾದೆಪ್ಪನನ್ನು ಕಟ್ಟೆಗೆ ಕರೆಸಿದರು. ಮಾತು ಎತ್ತಿದವನು ಪಂಚಾಕ್ಷರಪ್ಪ.

"ಆ ಕಲ್ಲು ನೀನಾ ಹಾಕಿದ್ದು, ನೀನಾ ತಗಸಬೇಕು. ನನಗ ಅಂಗಡಿ ಐತಿ, ಹೆಂಗೋ ಬದುಕ್ತೀನಿ. ನೀನು ಏನು ಮಾಡ್ತಿಯೋ ಗಾದೆಪ್ಪ?"

ಈ ಕೊನೆಯ ಮಾತು ಕನಿಕರದಿಂದ ಬಂದದ್ದು. ಅದಕ್ಕೇ ಅದು ಗಾದೆಪ್ಪನಿಗೆ ಹೆಚ್ಚು ನಾಟಿತು. ಕೊಟ್ಟದ್ದನ್ನು ವಾಪಸು ಕೇಳುವುದು ಹೇಗೆ? ಅದೂ ಮಗಳ ಮನೆಯಲ್ಲಿ, ಅದೂ ಮಗಳ ಮನೆಯನ್ನೇ ಕಾಯುತ್ತಿರುವುದನ್ನು! ಒಂದು ವಾರ ಅವನು ಹೊಳೆಯ ಕಡೆ ಮುಖ ಹಾಕಲಿಲ್ಲ. ಕಲ್ಲು ಬರದಿದ್ದರೆ ಉಳಿದರ್ಧ ಹೊಲವೂ ಹೋಗುತ್ತದೆ. ಬಂದರೆ ಮಗಳು ಮತ್ತೆ ಮಣ್ಣು ಬೀಳುವ ಸಪ್ಪಳ ಕೇಳುತ್ತ ಮಲಗಬೇಕು. ಕೊನೆಗೆ ಹೊನ್ನೂರಮ್ಮನೇ ಚೀಲಕ್ಕೆ ಶೇಂಗಾದುಂಡೆ ಕಟ್ಟಿ ಕೊಟ್ಟು, ಹೋಗಿ ಬಾ ಎಂದಳು. ಏನು ಕೇಳಿಕೊಂಡು ಬಾ ಎಂದು ಅವಳೂ ಹೇಳಲಿಲ್ಲ.

ಬೀಗರ ಮನೆಯಲ್ಲಿ ಚಾಪೆ ಹಾಸಿದರು, ಚಹಾ ಕೊಟ್ಟರು. ಗಾದೆಪ್ಪ ಕುರಿಗಳ ಕಾಯಿಲೆಯ ಬಗ್ಗೆ ಮಾತಾಡಿದ, ಮೆಕ್ಕೆಜೋಳದ ದರದ ಬಗ್ಗೆ ಮಾತಾಡಿದ, ಕೊಟ್ಟೂರಿನ ಯಾರದೋ ಮದುವೆಯ ಬಗ್ಗೆ ಮಾತಾಡಿದ. ಬಂದ ಕೆಲಸಕ್ಕೆ ಮಾತ್ರ ನಾಲಿಗೆ ಹೊರಳಲಿಲ್ಲ. ಪಾಲಯ್ಯನೂ ಕೆದಕಲಿಲ್ಲ. ಅವರಿಗೆ ಗೊತ್ತಿಲ್ಲವೆಂದಲ್ಲ, ಹಿತ್ತಲಿಗೆ ಬಂದರೆ ಈಚೆ ದಂಡೆಯ ಗಾಯ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಹೇಳು ಎನ್ನುವ ಧೈರ್ಯ ಆ ಮನೆಯಲ್ಲಿ ಇದ್ದದ್ದು ರೋಜಾ ಒಬ್ಬಳಿಗೇ.

"ಯಪ್ಪಾ, ನಿನ್ನ ಹೊಲ ಸಣ್ಣದಾಗೈತಿ ಅಲ್ಲ?" ಎಂದು ಕೇಳಿದಳು.

ಗಾದೆಪ್ಪನ ಕಣ್ಣಲ್ಲಿ ನೀರು ಬಂತು. ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು, ತಲೆ ತಗ್ಗಿಸಿಯೇ, ಬಂದ ಕಾರಣ ಹೇಳಿದ. ರಾಮಾಂಜಿನಿ ಸಿಡುಕಿದ. ಕೊಟ್ಟ ಕಲ್ಲನ್ನು ತಿರುಗಿ ಕೇಳುತ್ತಾರೆಯೇ, ನಾಳೆ ಈ ಮನೆ ಬಿದ್ದರೆ ನಿಮ್ಮ ಮಗಳು ಎಲ್ಲಿರಬೇಕು ಎಂದು ಮಾವನ ಮುಖಕ್ಕೇ ಹೇಳಿದ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ರೋಜಾ ಗಂಡನ ಕಡೆ ನೋಡದೆ ಮಾವ ಪಾಲಯ್ಯನ ಕಡೆ ತಿರುಗಿದಳು.

"ನಮ್ಮಪ್ಪ ಈ ಮನ್ಯಾಗ ಒಂದು ಕೇಳಿದ್ದು ಇವತ್ತಾ ಮೊದ್ಲು. ಇಲ್ಲ ಅನಬ್ಯಾಡ್ರಿ ಮಾವ."

ಪಾಲಯ್ಯ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ತಿಕ್ಕಿ ಆರಿಸಿದ. ಆಮೇಲೆ, "ಒಯ್ರಿ ಬೀಗರ," ಎಂದ. "ನಮಗ ಹೆಂಗೋ ಕುರಿ ಅದಾವು. ಹೊಲ ಹೋದ್ರ ನಿಮಗ ಏನೈತಿ?"

ಆ ಬೇಸಿಗೆ ಅದೇ ಟ್ರ್ಯಾಕ್ಟರ್ ಅದೇ ಕಲ್ಲುಗಳನ್ನು ಹೊತ್ತು ಈಚೆಗೆ ಬಂತು. ರಾಮಾಂಜಿನಿ ಮುಖ ಗಂಟಿಕ್ಕಿಕೊಂಡೇ ಕಲ್ಲು ಹೇರಿದ, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಕಟ್ಟುವಾಗ ಗಾದೆಪ್ಪ ಮೊಂಡು ಹಿಡಿದ. ಮೂಗು ಚಾಚಬೇಕು ಎಂದು ಪಂಚಾಕ್ಷರಪ್ಪ ಎಷ್ಟು ಹೇಳಿದರೂ ಒಪ್ಪಲಿಲ್ಲ. ಚಾಚಿದರೆ ನೀರು ಆಚೆಗೆ, ಮಗಳ ಗೋಡೆಗೆ ಹೋಗಿ ಬಡಿಯುತ್ತದೆ, ಅದು ತನ್ನ ಕೈಯಿಂದ ಆಗದು ಎಂದ. ಎಲ್ಲ ಕಲ್ಲನ್ನೂ ದಂಡೆಗೆ ಒರಗಿಸಿ ಪೇರಿಸಿದ. ಎಷ್ಟು ಚೆನ್ನಾಗಿ ಪೇರಿಸಿದನೆಂದರೆ ಬೇಕಾದರೆ ಅದರ ಮೇಲೆ ಹಾಸಿಗೆ ಹಾಸಿ ಮಲಗಬಹುದಿತ್ತು. ಹೊನ್ನೂರಮ್ಮ ಹೊಸ ಒಡ್ಡಿಗೆ ಅರಿಸಿನ ಕುಂಕುಮ ಹಚ್ಚಿ, ಗಂಗವ್ವ ತಾಯಿ ಇನ್ನು ನಿನ್ನ ದಾರಿಗೆ ನೀನು ಹೋಗು ಎಂದು ಕೈಮುಗಿದಳು.

ಹೊಳೆಗೆ ಅವರ ಮಾನ ಮರ್ಯಾದೆ ಎಲ್ಲಿ ತಿಳಿಯಬೇಕು? ಹಿಂದಿನ ಮಳೆಗಾಲದಲ್ಲೇ ಅದು ಈಚೆ ದಂಡೆಯ ಬುಡದಲ್ಲಿ ಆಳವಾದ ಹಾದಿ ತೋಡಿಕೊಂಡಿತ್ತು. ಹಾದಿ ಮಾಡಿಕೊಂಡ ನೀರು ಆಚೆಯ ಒಡ್ಡು ಕಿತ್ತರು ಎಂದು ಹಿಂದಕ್ಕೆ ಹೋಗುವುದಿಲ್ಲ. ಮೇಲಿನ ಡ್ಯಾಮುಗಳು ತುಂಬಿ ಗೇಟು ಎತ್ತಿದ್ದಾರೆಂದು ಊರಲ್ಲಿ ಸಾರಿದ ದಿನ ಹೊಳೆ ಎರಡೂ ದಂಡೆ ಮೀರಿ ಬಂತು. ಗಾದೆಪ್ಪ ಮೋಟರು ಬಿಚ್ಚಿ ಮೇಲಕ್ಕೆ ಎಳೆಯುತ್ತಿದ್ದಾಗಲೇ ನೀರು ಒಡ್ಡಿನ ಹಿಂಬದಿಗೆ ನುಗ್ಗಿತು. ಮಣ್ಣು ಕೊಚ್ಚಿಹೋದ ಮೇಲೆ ಕಲ್ಲು ಏನನ್ನು ಹಿಡಿದು ನಿಲ್ಲಬೇಕು? ಒಂದೊಂದೇ, ಹಂಚಿನಿಂದ ಹೋಳಿಗೆ ಜಾರಿದಷ್ಟು ಸಲೀಸಾಗಿ ನೀರಿಗಿಳಿದವು. ನೀರಿನ ಕೆಳಗೆ ಅವು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗಾದೆಪ್ಪನ ಹೊಲವಿದ್ದ ಕಡೆ ಕೆಂಪು ನೀರು ಸುಳಿ ತಿರುಗುತ್ತಿತ್ತು. ಹೊನ್ನೂರಮ್ಮ ಮೇಲಕ್ಕೆ ಎಳೆದಿಟ್ಟ ಮೋಟರಿನ ಪಕ್ಕ ಬಂದು ಕೂತಳು.

ಆಗಲೇ ಫೋನು ಬಂತು.

"ಯಪ್ಪಾ, ಮನಿ ಬಿತ್ತು," ಎಂದಳು ರೋಜಾ. ಅವಳ ದನಿ ಬತ್ತಿಹೋಗಿತ್ತು. ಮನುಷ್ಯರೆಲ್ಲ ಊರ ಶಾಲೆಯಲ್ಲಿದ್ದೇವೆ, ಕುರಿ ಅರ್ಧ ಸಿಕ್ಕವು, ಅರ್ಧ ಹೋದವು ಎಂದಳು. ಆಮೇಲೆ ಕೇಳಿದಳು, "ನಿನ್ನ ಹೊಲ ಹೆಂಗೈತಪ್ಪ?"

ಗಾದೆಪ್ಪ ನೀರನ್ನೇ ನೋಡುತ್ತಿದ್ದ. ಮನೆ ಕಳೆದುಕೊಂಡು ಶಾಲೆಯ ಜಗಲಿಯಲ್ಲಿ ಕೂತ ಮಗಳಿಗೆ ಏನಾದರೂ ಒಂದು ಉಳಿಯಿತು ಎಂದು ಹೇಳಬೇಕೆನಿಸಿತು. ಬೇರೆ ಯೋಚನೆ ಅವನಿಗೆ ಇರಲಿಲ್ಲ.

"ಐತವ್ವ," ಎಂದ. "ಕಲ್ಲು ಹಿಡದಾವು."

ಹೊನ್ನೂರಮ್ಮ ಗಂಡನ ಮುಖ ನೋಡಿದಳು.

ನೀರು ಪೂರ್ತಿ ಇಳಿಯುವ ಮೊದಲೇ ಅವರು ಬಂದರು. ಹರಿಹರದ ಸೇತುವೆ ಸುತ್ತಿ, ಬಸ್ಸಿನ ಮೇಲೆ ಬಸ್ಸು ಬದಲಿಸಿ, ಪಾಲಯ್ಯ, ರಾಮಾಂಜಿನಿ, ರೋಜಾ. ಉಳಿದ ಕುರಿಗಳನ್ನು ಯಾರದೋ ಮಂದೆಗೆ ಸೇರಿಸಿ ಬಂದಿದ್ದರು. ಆಚೆಯಿಂದ ನೋಡಿದರೆ ಈಚೆ ದಂಡೆಯೆಲ್ಲ ಕೆಂಪು ನೀರೇ, ಹೊಳೆ ಯಾವುದು ಹೊಲ ಯಾವುದು ಎಂದು ಅವರಿಗೆ ತಿಳಿದಿರಲಿಲ್ಲ. ಊರಲ್ಲಿ ಅವರನ್ನು ಕಂಡವರು ಬಂದಿರಾ ಎಂದು ಕೇಳಿ ಸುಮ್ಮನಾಗಿದ್ದರು, ಹೊಲದ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಗಾದೆಪ್ಪ ಬೈಗುಳಕ್ಕೆ ಮೈಯೊಡ್ಡಿ ಕಾದಿದ್ದ. ಒಬ್ಬರಾದರೂ ಬೈಯಬಾರದೇ! ಕಲ್ಲು ಇದ್ದಿದ್ದರೂ ಈ ನೀರಿಗೆ ನಮ್ಮ ಮನೆ ನಿಲ್ಲುತ್ತಿರಲಿಲ್ಲ ಎಂದು ಪಾಲಯ್ಯ ತಾನೇ ಸಮಾಧಾನ ಹೇಳಿದ. ಸಿಡುಕುವ ರಾಮಾಂಜಿನಿಯೂ ಅತ್ತೆಯ ಕೈಯಿಂದ ಕೊಡ ಇಸಿದುಕೊಂಡು ನೀರು ತಂದಿಟ್ಟ.

ಊಟಕ್ಕೆ ಕೂತಾಗ ಪಾಲಯ್ಯ ಮಾತು ತೆಗೆದ.

"ಬೀಗರ, ಒಂದು ಮಾತು ಕೇಳ್ತೀನಿ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಹೊಲದ ತುಂಬ ಉಸುಗು ಕುಂತೈತಿ, ಅಲ್ಲಿ ಇನ್ನ ಏನೂ ಬೆಳಿಯಂಗಿಲ್ಲ. ನಿಮ್ಮ ಹೊಲದಾಗ ನಾನು, ನನ್ನ ಮಗ ಪಾಲಿಗೆ ದುಡೀತೀವಿ."

ಗಾದೆಪ್ಪನ ಕೈ ತಟ್ಟೆಯಲ್ಲೇ ನಿಂತಿತು. ರೊಟ್ಟಿ ಬಡಿಸುತ್ತಿದ್ದ ರೋಜಾ, ಅಪ್ಪ ಸಂಕೋಚಪಡುತ್ತಿದ್ದಾನೆ ಎಂದುಕೊಂಡಳು. "ನಮ್ಮದು ಹೋದ್ರ ಹೋಗ್ಲಿ ಮಾವ," ಎಂದಳು. "ಅಪ್ಪಂದು ಉಳೀತಲ್ಲ. ಎಲ್ಲಾರೂ ಕೂಡಿ ಅದನ್ನಾ ಮಾಡಾಣ." ಹೊನ್ನೂರಮ್ಮ ಎದ್ದು ಒಳಗೆ ಹೋದಳು.

ಉಂಡು ಕೈತೊಳೆದ ಪಾಲಯ್ಯ, ನೋಡಿಕೊಂಡು ಬರೋಣ ಬನ್ನಿ ಎಂದು ಚಪ್ಪಲಿ ಮೆಟ್ಟಿದ. ಗಾದೆಪ್ಪ ಮುಂದೆ ನಡೆದ. ಅಂಗಳದಲ್ಲೇ ಹೇಳಬಹುದಿತ್ತು. ಓಣಿ ದಾಟುವಾಗ ಹೇಳಬಹುದಿತ್ತು. ಬಂಡಿ ಜಾಡು ಹಿಡಿದ ಮೇಲೂ ಹೇಳಬಹುದಿತ್ತು. ಹಿಂದೆ ಪಾಲಯ್ಯ, ಈ ಸಲ ಭತ್ತಕ್ಕೆ ಬದಲು ಈರುಳ್ಳಿ ಹಾಕಿದರೆ ಹೇಗೆ ಎಂದು ಕೇಳುತ್ತ ಬರುತ್ತಿದ್ದ. ಗಾದೆಪ್ಪ ಹೂಂ ಹೂಂ ಎನ್ನುತ್ತ ನಡೆದ, ಮತ್ತು ಬಂಡಿ ಜಾಡು ಮುಗಿದಲ್ಲಿ ನಿಂತ. ಅದರ ಮುಂದೆ ಹೊಳೆಯೇ ಇತ್ತು.

ಪಾಲಯ್ಯನಿಗೆ ಕೂಡಲೇ ತಿಳಿಯಿತು. ಅವನು ನಿಂತಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ರಾಮಾಂಜಿನಿ ಮಾತ್ರ ಎಡಕ್ಕೂ ಬಲಕ್ಕೂ ನೋಡಿ, ಹೊಲ ಯಾವ ಕಡೆ ಮಾವ ಎಂದು ಕೇಳಿದ. ಪಾಲಯ್ಯ ಕೂತಲ್ಲಿಂದಲೇ ನೀರಿನ ಕಡೆ ಕೈ ತೋರಿಸಿದ.

ರೋಜಾ ಕೊನೆಗೆ ಬಂದಳು. ನೀರು ನೋಡಿದಳು, ದಂಡೆ ನೋಡಿದಳು, ತನ್ನ ಮನೆ ಇಲ್ಲದ ಆಚೆ ದಂಡೆಯನ್ನೂ ನೋಡಿದಳು. ಆಮೇಲೆ ಅಪ್ಪನ ಹತ್ತಿರ ಬಂದು ನಿಂತಳು.

"ಹಂಗಾದ್ರ ನಮ್ಮ ಮನಿ ಯಾತಕ್ಕ ಹೋತಪ್ಪ?"

ಬೈದಿದ್ದರೆ ಗಾದೆಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. ಅವಳು ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.