ಹಮಾಲ ಧಣಿಯಾದದ್ದು

ಸಿಂಧನೂರಿನ ಆ ರೈಸ್‌ಮಿಲ್ಲಿನ ಡೇಟಾಬೇಸಿನಲ್ಲಿ ಎರಡೇ ಅಂತಸ್ತು: ಧಣಿ, ಹಮಾಲ. ಹೆಸರಿಟ್ಟವನು ಮಾಲೀಕ ಆದೆಪ್ಪನವರ ಅಕ್ಕನ ಮಗ ಚನ್ನವೀರ. ಎಲ್ಲ ಹಕ್ಕೂ ಇದ್ದ ಧಣಿ ಖಾತೆ ಅವನದೇ. ಭತ್ತದ ಲಾರಿಗಳ ತೂಕ ಟೈಪು ಮಾಡುವ ಶಾಕೀರಾಳದು ಹಮಾಲ ಖಾತೆ. ಬರೆಯಬಹುದು, ಬರೆದದ್ದನ್ನು ತಿದ್ದುವಂತಿಲ್ಲ.

ಅದಕ್ಕೆ ಅವಳ ತಕರಾರಿರಲಿಲ್ಲ. ಆದರೆ ಸಾಫ್ಟ್‌ವೇರಿನಲ್ಲಿ ತೂತೊಂದಿದೆ, ಕೆಳಗಿನ ಖಾತೆಯವರೂ ಮೇಲೇರಿಬಿಡಬಹುದು, ಬೇಗ ಅಪ್‌ಡೇಟ್ ಹಾಕಿಕೊಳ್ಳಿ ಎಂದು ತಯಾರಕರ ಸೂಚನೆ ಬಂದಿತ್ತು. ಮಿಲ್ಲಿನ ಮಸ್ಕಿ, ಲಿಂಗಸುಗೂರಿನ ತೂಕಕಟ್ಟೆಗಳಲ್ಲೂ ಇದೇ ಡೇಟಾಬೇಸಿನ ಹಮಾಲ ಖಾತೆಗಳಿದ್ದವು. ಅಲ್ಲಿಂದ ಯಾರಾದರೂ ಮೇಲೇರಿ ಇಲ್ಲಿನ ತೂಕ ತಿದ್ದಿದರೂ ಕೆಲಸ ಕಳಕೊಳ್ಳುವವಳು ಇಲ್ಲಿ ಟೈಪು ಮಾಡಿದ ಶಾಕೀರಾಳೇ.

"ಅಣ್ಣಾರ, ಅಪ್‌ಡೇಟ್ ಹಾಕ್ರಿ," ಎಂದಳು ಚನ್ನವೀರನಿಗೆ.

"ಸುಗ್ಗಿ ನಡದೈತಿ, ಸರ್ವರ್ ನಿಲ್ಸಾಕ ಆಗಂಗಿಲ್ಲ. ಹಮಾಲರು ಧಣಿ ಆಗೂದು ಸಿನಿಮಾದಾಗ ಅಷ್ಟ."

"ಆಗಿ ತೋರಿಸ್ಲ್ಯಾ?"

"ತೋರಿಸಬೇ, ನೋಡೂಣು!"

ಚನ್ನವೀರನಿಗೊಂದು ರೂಢಿಯಿತ್ತು. ಬೆಳಿಗ್ಗೆ ಸರ್ವರಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಧಣಿ ಖಾತೆಯಿಂದ ತಾನೇ ಡೇಟಾಬೇಸಿನ ಹಳೇ ಕಸ ಗುಡಿಸುವ ಆಜ್ಞೆ ಕೊಡುವುದು. ಬೇರೆಯವರ ಕೈಗೆ ಕಸಬರಿಗೆ ಕೊಡದ ಮನುಷ್ಯ. ತೂತಿದ್ದದ್ದೇ ಅಲ್ಲಿ. ಗುಡಿಸುವಾಗ ಹಮಾಲರ ಕೋಣೆಯಲ್ಲಿ, ಅಂದರೆ ಡೇಟಾಬೇಸಿನಲ್ಲಿ ಅವರಿಗೆ ಬಿಟ್ಟ ಜಾಗದಲ್ಲಿ, ಏನಾದರೂ ಬರೆದಿಟ್ಟದ್ದು ಸಿಕ್ಕರೆ ಸಾಫ್ಟ್‌ವೇರು ಅದನ್ನೂ ಧಣಿಯ ಅಪ್ಪಣೆಯೆಂದೇ ನಡೆಸಿಬಿಡುತ್ತಿತ್ತು. ಶಾಕೀರಾ ತನ್ನ ಕೋಣೆಯಲ್ಲಿ ಪುಟ್ಟದೊಂದು ಸಾಲು ಬರೆದಿಟ್ಟಳು.

ಮರುದಿನ ಚನ್ನವೀರ ಊದುಬತ್ತಿ ಬೆಳಗಿದ, ಗುಡಿಸಿದ. ಆಮೇಲೆ ಏನು ಒತ್ತಿದರೂ ಪರದೆ 'ಹಕ್ಕಿಲ್ಲ' ಎನ್ನತೊಡಗಿತು.

"ಯಾರಲೇ ನನ್ನ ಹಮಾಲ ಮಾಡ್ಯಾರ?"

"ನೀವ ಮಾಡ್ಕೊಂಡೀರಿ," ಎಂದಳು ಶಾಕೀರಾ. "ನಾ ಬರೇ 'ಶಾಕೀರಾ ಧಣಿ, ಚನ್ನವೀರ ಹಮಾಲ' ಅಂತ ಬರದಿಟ್ಟೀನಿ. ಗುಡಿಸಿದವ್ರು ನೀವು."

"ಮಾವ ಬರಾಕತ್ತಾನ, ವಾಪಸ್ ಕೊಡ ತಾಯಿ!"

"ಅಪ್‌ಡೇಟು?"

"ಹಾಕ್ತೀನಿ, ಹಾಕ್ತೀನಿ!"

ಅವಳು ಧಣಿತನ ಮರಳಿಸುವುದಕ್ಕೂ ಆದೆಪ್ಪ ಒಳಗೆ ಬರುವುದಕ್ಕೂ ಸರಿಹೋಯಿತು.

"ಯಾಕಪಾ ಬೆವತೀದಿ?"

"ಅಪ್‌ಡೇಟ್ ಹಾಕಾಕತ್ತೀನಿ ಮಾವಾ. ಸ್ವಲ್ಪ ಹೊತ್ತು ತೂಕ ಬಂದ್."

ಹೊರಗೆ ಲಾರಿಗಳು ಸಾಲುಗಟ್ಟಿದವು. ಡ್ರೈವರುಗಳು ಹಾರ್ನಿನಲ್ಲೇ ಬೈದರು. ಅಪ್‌ಡೇಟ್ ಮುಗಿದ ಮೇಲೆ ಶಾಕೀರಾ ಆದೆಪ್ಪನವರ ಎದುರೇ ಅದೇ ಸಾಲನ್ನು ಮತ್ತೆ ಬರೆದಿಟ್ಟಳು. ಚನ್ನವೀರ ಉಸಿರು ಬಿಗಿಹಿಡಿದು ಗುಡಿಸಿದ. ಅವಳು ಮಸ್ಕಿಯ ಒಂದು ತೂಕ ತಿದ್ದಲು ಹೋದಳು.

ಪರದೆ ಕೆಂಪಾಯಿತು. ಹಕ್ಕಿಲ್ಲ.

ಶಾಕೀರಾ ಚಪ್ಪಾಳೆ ತಟ್ಟಿದಳು.

"ಇಲ್ಲ ಅನ್ನಿಸ್ಕೊಂಡು ಕುಣಿಯಾಕೀನ ಇವತ್ತ ನೋಡಿದ್ನಿ," ಎಂದರು ಆದೆಪ್ಪ.

"ನನಗಿಲ್ಲ ಅಂದ್ರ ಯಾವ ಹಮಾಲಗೂ ಇಲ್ರಿ ಧಣ್ಯಾರ. ಇನ್ನ ಮಸ್ಕ್ಯಾಗ ಯಾರರ ಕೈ ಆಡಿಸಿದ್ರು ಅಂತ ನನ್ನ ಮನಿಗೆ ಕಳಸಂಗಿಲ್ಲ." ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: "ಬಿಡ್ರಪಾ, ಮೊದಲ್ನೇ ಲಾರಿ!"