ನಾನು ಟೈಪ್ ಮಾಡದ ಸಾಲು

ರಕ್ತದ ಮಾದರಿ ತುಂಬಿದ ಗಾಜಿನ ಕೊಳವೆಗಳಿಗೆ ಚೀಟಿ ಅಂಟಿಸುತ್ತಿದ್ದೆ. ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಗುಳ್ಳೆ ಏಳದಂತೆ ಸವರಿ, ಕೊಳವೆಯನ್ನು ಸ್ಟ್ಯಾಂಡಿನ ತೂತಿಗೆ ಇಳಿಸಬೇಕು. ಒಟ್ಟು ನಲವತ್ತೆರಡು. ನನ್ನ ಬೆನ್ನ ಹಿಂದೆ ಭಾವ ಕಂಪ್ಯೂಟರಿನ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದರು. ಅವರ ಹಿಂದೆ ನಿಂತಿದ್ದ ಲ್ಯಾಬಿನ ಯಜಮಾನರದು ಇನ್ನೂ ದೊಡ್ಡ ನಿಟ್ಟುಸಿರು.

ಭಾವ ಕೂತಿದ್ದ ಕುರ್ಚಿ ನನ್ನದು. ಹತ್ತನೇ ತರಗತಿ ಅರ್ಧಕ್ಕೇ ಬಿಟ್ಟು ಈ ಲ್ಯಾಬಿಗೆ ಬಾಟಲಿ ತೊಳೆಯಲು ಬಂದವಳು ನಾನು. ಎರಡು ವರ್ಷ ತೊಳೆದೆ. ತೊಳೆಯುತ್ತಲೇ, ಟೈಪ್ ಮಾಡುವಾಕೆಯ ಬೆರಳು ಎಲ್ಲೆಲ್ಲಿ ಹೋಗುತ್ತವೆ ಎಂದು ನೋಡಿಕೊಂಡೆ. ಆಕೆ ಕೆಲಸ ಬಿಟ್ಟ ದಿನ ಯಜಮಾನರು, "ಯಾರಿಗಾದ್ರೂ ಟೈಪಿಂಗ್ ಬರುತ್ತಾ?" ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ಹೋಗಿ ಕೂತು ಒಂದು ವರದಿ ಟೈಪ್ ಮಾಡಿ ತೋರಿಸಿದೆ. ಅಂದಿನಿಂದ ಆ ಕುರ್ಚಿ ನನ್ನದಾಯಿತು.

ವರದಿ ಕಳಿಸುವ ವೆಬ್ ಪುಟ ಮಾಡಿಕೊಟ್ಟವರು ಭಾವ, ಅಂದರೆ ನನ್ನ ಅಕ್ಕನ ಗಂಡ. ನಾನು ಪುಟದಲ್ಲಿ ವರದಿ ತುಂಬಿ ಒಂದು ಗುಂಡಿ ಒತ್ತಿದರೆ ಅದು ಇ-ಮೇಲ್ ಆಗಿ ಡಾಕ್ಟರಿಗೆ ಹೋಗುತ್ತದೆ. ವರದಿಗೆ ಬೀಗ ಬಿದ್ದಿರುತ್ತದೆ. ತೆಗೆಯುವ ಕೀಲಿ ಆ ಡಾಕ್ಟರ ಹತ್ತಿರ ಮಾತ್ರ. ಅದರ ಮೇಲೆ ಬೀಗವಿಲ್ಲದ ಎರಡು ಸಾಲಿನ ಒಕ್ಕಣೆ, ಅದೂ ನನ್ನದೇ. ಇವೆರಡನ್ನೂ ಸೇರಿಸಿ ಲ್ಯಾಬಿನ ಸಹಿ ಬೀಳುತ್ತದೆ. ಕಣ್ಣಿಗೆ ಕಾಣುವ ಸಹಿಯಲ್ಲ, ಕಂಪ್ಯೂಟರ್ ಹಾಕುವ ಸಹಿ. ದಾರಿಯಲ್ಲಿ ಯಾರಾದರೂ ಒಂದು ಚುಕ್ಕೆ ಸೇರಿಸಿದರೂ ಆ ಕಡೆ ಹಸಿರು ಪಟ್ಟಿಯ ಬದಲು ಕೆಂಪು ಪಟ್ಟಿ ಬರುತ್ತದೆ.

ಮೂರು ವಾರದಿಂದ ಎಲ್ಲ ಡಾಕ್ಟರಿಗೂ ಕೆಂಪೇ ಬರುತ್ತಿತ್ತು. ಮಕ್ಕಳ ಡಾಕ್ಟರಮ್ಮ ಹಿಂದಿನ ದಿನ ಫೋನ್ ಮಾಡಿ, ಸಹಿ ಹೊಂದದ ವರದಿ ನಂಬಿ ಮಗುವಿಗೆ ಔಷಧ ಬರೆಯಲಾರೆ, ನಾಳೆಯೂ ಹೀಗೇ ಆದರೆ ಬೇರೆ ಲ್ಯಾಬು ನೋಡಿಕೊಳ್ಳುತ್ತೇನೆ ಎಂದಿದ್ದರು.

"ಗಡಿಯಾರ ಸರಿ ಇದೆ. ಸಹಿ ಹಾಕೋ ಕೀಲಿ ಅವಧಿನೂ ಮುಗಿದಿಲ್ಲ. ಆದ್ರೂ ಹೊಸದು ಮಾಡಿದೀನಿ," ಎಂದರು ಭಾವ. "ನೋಡಿ ಸಾರ್, ಈಗ ಕಳಿಸ್ತೀನಿ." ಲ್ಯಾಬಿನ ತಮ್ಮ ವಿಳಾಸಕ್ಕೇ ಕಳಿಸಿಕೊಂಡರು. ನಾನೂ ತಿರುಗಿ ನೋಡಿದೆ: ಹಸಿರು ಪಟ್ಟಿ, ಕೆಳಗೆ ಒಕ್ಕಣೆಯ ಎರಡು ಸಾಲು. "ಕಂಡ್ರಾ? ನನಗೆ ಬಂದ್ರೆ ಹಸಿರು, ಅವರಿಗೆ ಹೋದ್ರೆ ಕೆಂಪು. ಅವರ ಕಂಪ್ಯೂಟರೇ ಕೆಟ್ಟಿದೆ."

"ಒಂಬತ್ತು ಡಾಕ್ಟರ ಕಂಪ್ಯೂಟರೂ ಮಾತಾಡ್ಕೊಂಡು ಒಟ್ಟಿಗೇ ಕೆಟ್ಟಿವೆ ಅಂತೀಯಾ?" ಎಂದರು ಯಜಮಾನರು.

ಭಾವ ತಲೆ ಕೆರೆದುಕೊಂಡರು. "ಹಾಗಾದ್ರೆ ಟೈಪ್ ಮಾಡೋವಾಗ್ಲೇ ಏನೋ ಎಡವಟ್ಟಾಗ್ತಿರ್ಬೇಕು," ಎಂದರು. ನನ್ನ ಕಡೆ ನೋಡಲಿಲ್ಲ.

ಯಜಮಾನರು ಮೆಲ್ಲಗೆ, "ಸಂಜೆ ತನಕ ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ಟೈಪಿಂಗಿಗೆ ಬೇರೆಯವರನ್ನ ಕರೀತೀನಿ. ನೀನು ಮೊದಲಿನ ಹಾಗೆ ಬಾಟಲಿ ನೋಡ್ಕೋ ತಾಯಿ," ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಲವತ್ತೆರಡನೇ ಚೀಟಿ ವಾರೆಯಾಗಿ ಅಂಟಿತು. ಕಿತ್ತು ಮತ್ತೆ ಅಂಟಿಸಿದೆ.

ಕೆಂಪು ಬರುತ್ತಿದ್ದುದರಿಂದ ದಿನವೂ ವರದಿಗಳನ್ನು ಕಾಗದದ ಮೇಲೂ ಮುದ್ರಿಸಿ, ನಡೆದು ಹೋಗಿ ಕೊಟ್ಟುಬರುತ್ತಿದ್ದೆ. ಅವತ್ತೂ ಹೋದೆ. ಡಾಕ್ಟರಮ್ಮನ ಕ್ಲಿನಿಕ್ಕು ಎರಡು ಬೀದಿಯಾಚೆ, ಕನ್ನಡಕದಂಗಡಿಯ ಮಹಡಿಯ ಮೇಲೆ.

"ಬಂತಪ್ಪ ಕಾಲ್ನಡಿಗೆ ಅಂಚೆ!" ಎಂದರು ನರ್ಸಕ್ಕ. "ಚಪ್ಪಲಿ ಸವೆದ್ರೆ ನಿಮ್ಮ ಯಜಮಾನರು ಕೊಡಿಸ್ತಾರೇನೇ?"

ನಾನು ನಕ್ಕೆ. ದಿನವೂ ಕೌಂಟರಿನ ಈಚೆಯಿಂದಲೇ ಕೊಟ್ಟು ವಾಪಸಾಗುತ್ತಿದ್ದವಳು, ಅವತ್ತು ಬಾಯಿ ತೆರೆದು, "ಆ ಕೆಂಪು ಪಟ್ಟಿ ಒಂದ್ಸಲ ನೋಡ್ಲಾ ಅಕ್ಕ?" ಎಂದು ಕೇಳಿದೆ.

"ಅಯ್ಯೋ, ಅದೇನು ಹೆಣ್ಣು ನೋಡೋ ಶಾಸ್ತ್ರವೇನೇ! ಬಾ, ನೋಡು." ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಪಟ್ಟಿ ಕೆಂಪಗೇ ಇತ್ತು. ಕೆಳಗೆ ನನ್ನ ಒಕ್ಕಣೆಯ ಎರಡು ಸಾಲು. ಅವುಗಳ ಕೆಳಗೆ ಮೂರನೆಯದೊಂದು ಸಾಲು: "ಮರ ಉಳಿಸಿ. ಮುದ್ರಿಸುವ ಮುನ್ನ ಒಮ್ಮೆ ಯೋಚಿಸಿ."

ಇಂಥ ಸಾಲನ್ನು ಎಲ್ಲರ ಇ-ಮೇಲಿನಲ್ಲೂ ನೋಡುತ್ತೇವೆ, ಯಾರೂ ಓದುವುದಿಲ್ಲ. ಆದರೆ ನಾನು ಟೈಪ್ ಮಾಡಿದ್ದು ನನಗೆ ಗೊತ್ತು. ಈ ಸಾಲು ನನ್ನದಲ್ಲ. ಬೆಳಿಗ್ಗೆ ಭಾವ ತಮಗೇ ಕಳಿಸಿಕೊಂಡದ್ದರಲ್ಲಿಯೂ ಇದು ಇರಲಿಲ್ಲ.

"ಅಕ್ಕ, ಇದೊಂದು ಹಾಳೆ ಪ್ರಿಂಟ್ ಕೊಡ್ತೀರಾ?"

ನರ್ಸಕ್ಕ ಸಾಲನ್ನು ಜೋರಾಗಿ ಓದಿದರು. "ಒಮ್ಮೆ ಯೋಚಿಸಿ ಅಂತಿದೆಯಲ್ಲೇ. ಯೋಚಿಸಿದ್ಯಾ?"

"ಯೋಚಿಸಿದೆ."

ಹಾಳೆಯನ್ನು ಮಡಿಸದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆದೆ. ಲ್ಯಾಬಿನ ಬಾಗಿಲು ದಾಟಿದ್ದೇ ಎಲ್ಲ ಮರೆತುಹೋಯಿತು. ಹಾಳೆಯನ್ನು ಕೀಬೋರ್ಡಿನ ಮೇಲಿಟ್ಟು, ಮೂರನೇ ಸಾಲಿನ ಮೇಲೆ ಬೆರಳಿಟ್ಟೆ.

"ಭಾವ, ಇದು ನಾನು ಬರೆದಿದ್ದಲ್ಲ."

"ಮೌನಗೌರಿ ಮಾತಾಡಿದ್ಲು!" ಎಂದು ನಗಲು ಹೊರಟ ಭಾವ ಅಲ್ಲಿಗೇ ನಿಂತರು. ಹಾಳೆ ನೋಡಿದರು, ಪರದೆ ನೋಡಿದರು. "ಇದ್ಯಾರು ಹಾಕಿದ್ದು? ನಾನು ಬರೆದ ಪ್ರೋಗ್ರಾಮಲ್ಲಿ ಇದಿಲ್ಲವಲ್ಲ!"

ಯಜಮಾನರ ಕಿವಿ ಕೆಂಪಾಗುತ್ತಾ ಬಂತು.

"ಅದು... ನಾನೇ ಹಾಕ್ಸಿದ್ದು ಕಣಪ್ಪಾ," ಎಂದರು. "ಇ-ಮೇಲ್ ಕಂಪನಿಯೋರು ಕೇಳಿದ್ರು. ಆಫೀಸಿಂದ ಹೊರಗೆ ಹೋಗೋ ಪ್ರತಿಯೊಂದಕ್ಕೂ ಒಂದು ಒಳ್ಳೇ ಮಾತು ತಾನಾಗೇ ಸೇರುತ್ತೆ ಅಂದ್ರು. ಒಳ್ಳೇದೇ ಅಲ್ವಾ ಅಂತ..."

"ಯಾವಾಗ ಸಾರ್?"

"ಮೂರು ವಾರ ಆಯ್ತೇನೋ."

ಭಾವ ಹಣೆ ಚಚ್ಚಿಕೊಂಡರು. "ಸಹಿ ಬಿದ್ದಮೇಲೆ ಬಾಲ ಅಂಟಿಸಿದೀರಿ! ಹೊರಗೆ ಹೋದ್ರೆ ಮಾತ್ರ ಬಾಲ. ನಾನೋ, ಒಳಗೊಳಗೇ ನನಗೇ ಕಳಿಸ್ಕೊಂಡು ಹಸಿರು ಹಸಿರು ಅಂತ ಕುಣೀತಿದ್ದೆ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು."

"ಮರ ಉಳಿಸೋಣ ಅಂತ ಮಾಡಿದ್ದಪ್ಪ," ಎಂದರು ಯಜಮಾನರು ಪಾಪದವರಂತೆ.

ನಾನು ದಿನವೂ ಹಾಳೆ ಮುದ್ರಿಸಿ ಸಾಗಿಸಿದ ಮೂರು ವಾರ ಮೂವರಿಗೂ ಒಟ್ಟಿಗೇ ನೆನಪಾಗಿರಬೇಕು. ಮೊದಲು ನಕ್ಕವರು ಯಜಮಾನರೇ.

ಆ ಸಾಲನ್ನು ತೆಗೆಸಲು ಒಂದು ಫೋನ್ ಸಾಕಾಯಿತು. ಭಾವ ಎದ್ದು, ನನ್ನ ಕುರ್ಚಿಯನ್ನು ಅಂಗೈಯಿಂದ ಒರೆಸಿ, "ಕೂತ್ಕೋ ಮಾರಾಯ್ತಿ. ನೀನೇ ಕಳಿಸು," ಎಂದರು. ನಿನ್ನದು ತಪ್ಪಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ಒರೆಸಿದ್ದರಲ್ಲೇ ಹೇಳಿದರು ಎಂದುಕೊಂಡೆ. ನಾನು ಗುಂಡಿ ಒತ್ತಿದೆ. ಎರಡೇ ನಿಮಿಷದಲ್ಲಿ ನರ್ಸಕ್ಕನ ಫೋನ್ ಬಂತು. "ಹಸಿರು ಕಣೇ! ಇನ್ನು ನಿನ್ನ ಮುಖ ನೋಡೋದು ತಪ್ಪಿತಲ್ಲೇ, ಅದೇ ಬೇಜಾರು." ಅವರ ಹಿಂದಿನಿಂದ ಡಾಕ್ಟರಮ್ಮ, "ನಾಳೆ ಸ್ಯಾಂಪಲ್ ಬೇಗ ತಗೊಂಡು ಹೋಗೋಕೆ ಹೇಳು," ಎನ್ನುತ್ತಿದ್ದುದು ಕೇಳಿಸಿತು.

ಯಜಮಾನರು ಆ ಸಾಲನ್ನು ಗೋಡೆಯ ಮೇಲಾದರೂ ಬರೆಸೋಣ ಎಂದರು. ಅದಕ್ಕೂ ಸಹಿ ಮಾಡಿಕೊಡಲೇ ಎಂದು ಭಾವ ಕೇಳಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಬೆರಳು ಕೀಗಳ ಮೇಲೆ ಬೆಚ್ಚಗೆ ಕೂತಿದ್ದವು. ಅದೇ ಹೊತ್ತಿಗೆ ನನಗೆ ಬೇಕಾದ ಒಂದು ಮಾತು ಹೇಳಿದೆ. ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲ ಸ್ವಲ್ಪ ಜೋರಾಗಿಯೇ ಹೇಳಿದೆ. ನಗು ಇನ್ನೂ ನಿಂತಿರಲಿಲ್ಲ.

"ಭಾವ, ನನ್ನ ಹೆಸರಿಗೂ ಬೀಗ ತೆಗೆಯೋ ಒಂದು ಕೀಲಿ ಮಾಡ್ಕೊಡಿ. ಇನ್ಮೇಲೆ ಪರೀಕ್ಷೆಗೆ ಕಳಿಸೋ ಇ-ಮೇಲನ್ನ ನಿಮಗೇ ಕಳಿಸ್ಕೋಬೇಡಿ, ಹೊರಗಿರೋ ನನ್ನ ಸ್ವಂತ ಇ-ಮೇಲ್ ವಿಳಾಸಕ್ಕೆ ಕಳಿಸಿ. ಹೊರಗೆ ಹೋದ್ಮೇಲೆ ಹೇಗಿರುತ್ತೆ ಅಂತ ನಾನೇ ನೋಡ್ತೀನಿ."