ಜೂನ್ ಒಂದು

ಅಭಿನಂದನೆಗಳು ಎಂದು ಶುರುವಾಗಿದ್ದ ಪತ್ರವಾದ್ದರಿಂದ ಮಹಾಶ್ವೇತಾ ಅದನ್ನು ಎರಡನೆಯ ಸಲ ಓದಿದಳು. ಅವಳ ಅನುಭವದಲ್ಲಿ ಕೆಟ್ಟ ಸುದ್ದಿ ಬರುವುದು ಹೀಗೆಯೇ.

ಇಂದಿಗೆ ಅವಳಿಗೆ ನಲವತ್ತು ತುಂಬಿತು. ಗ್ರಂಥಾಲಯದ ಯುವ ನಾಯಕರ ಬಳಗದಲ್ಲಿ ಅವಳ ಸದಸ್ಯತ್ವ ಇಂದಿಗೆ ಮುಗಿಯಿತು. ಇನ್ನು ಮುಂದೆ ಅವಳು 'ಹಿರಿಯ ಹಿತೈಷಿ'. ಸೆಪ್ಟೆಂಬರಿನಲ್ಲಿ ಸಿಡ್ನಿಯ ಸಮಾವೇಶದಲ್ಲಿ ಮೆಲ್ಬರ್ನ್ ಬಳಗದ ಪರವಾಗಿ ಮಾತಾಡಲು ಅವಳನ್ನು ಆರಿಸಿದ್ದರಲ್ಲ, ಅದನ್ನು ನಿಯಮದ ಪ್ರಕಾರ ಬೇರೆಯವರಿಗೆ ಕೊಡಬೇಕಾಗಿದೆ. ಅರ್ಥ ಮಾಡಿಕೊಳ್ಳುವಿರೆಂಬ ನಂಬಿಕೆ ಇದೆ.

ಅವಳಿಗೆ ಅರ್ಥವಾಯಿತು. ಅರ್ಥವಾಗುವುದೇ ಅವಳ ಕಾಯಿಲೆ.

ಗಂಡ ಸುಮುಖ ಕಾಫಿ ತಂದಿಟ್ಟು ಪ್ರತಿ ಜೂನ್ ಒಂದರಂದು ಮಾಡುವ ತಮಾಷೆಯನ್ನೇ ಮಾಡಿದ. "ಸರ್ಕಾರಿ ಹುಟ್ಟುಹಬ್ಬದ ಶುಭಾಶಯಗಳು, ಮೇಡಂ."

ನಿಜವಾದ ಹುಟ್ಟುಹಬ್ಬ ನವೆಂಬರಿನಲ್ಲಿ. ಪಾಯಸ, ಹೊಸ ಬಟ್ಟೆ ಎಲ್ಲ ಆಗಲೇ. ಜೂನ್ ಒಂದು ಶಾಲೆಯಲ್ಲಿ ಬರೆಸಿದ ದಿನ. ಅವಳ ತರಗತಿಯ ಅರ್ಧ ಮಕ್ಕಳು ಅದೇ ದಿನ ಹುಟ್ಟಿದವರು. ಆ ತಾರೀಖು ಅಂಕಪಟ್ಟಿಗೆ ಹೋಯಿತು, ಪಾಸ್‌ಪೋರ್ಟಿಗೆ ಹೋಯಿತು, ಪಿಆರ್‌ಗೆ, ಸಿಟಿಜನ್‌ಶಿಪ್ಪಿಗೆ, ಕೊನೆಗೆ ಈ ಬಳಗದ ಅರ್ಜಿಗೂ ಬಂತು. ಅವಳ ಮನಸ್ಸಿಗೆ ಮಾತ್ರ ಎಂದೂ ಬರಲಿಲ್ಲ. ಸಿಡ್ನಿಗೆ ಒಪ್ಪಿಕೊಳ್ಳುವಾಗ ಬೆರಳು ಮಡಚಿ ಎಣಿಸಿದ್ದಳು: ಸೆಪ್ಟೆಂಬರ್, ಅಕ್ಟೋಬರ್, ಆಮೇಲೆ ನಲವತ್ತು. ಎಣಿಕೆ ಸರಿಯಾಗಿಯೇ ಇತ್ತು.

"ಹೇಳ್ಬಿಡು," ಎಂದ ಸುಮುಖ, ಪತ್ರ ಓದಿ. "ಐದು ತಿಂಗಳ ವಿಷಯ."

"ಏನಂತ?"

ಅವನು ಕಾಫಿ ಕುಡಿದ.

ಗ್ರಂಥಾಲಯದ ಸಭೆಗೆ ಹೊರಟ ಕಾರು ತಮ್ಮ ಸಬರ್ಬು ಪಾಯಿಂಟ್ ಕುಕ್ ದಾಟಿ ಫ್ರೀವೇ ಸೇರಿದ ಮೇಲೆ ಅವಳು ಅಪ್ಪನಿಗೆ ಫೋನ್ ಮಾಡಿದಳು. ಊರಿನ ಪ್ರೈಮರಿ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದ ಪಂಚಾಕ್ಷರಯ್ಯನವರು ಈಗ ಸಿಡ್ನಿಯಲ್ಲಿ ಅವಳ ಅಣ್ಣನ ಮನೆಯಲ್ಲಿದ್ದರು. ಮಗಳ ಭಾಷಣದ ಸುದ್ದಿ ತಿಳಿದ ಮೇಲೆ ಎರಡು ಸಲ ರೈಲು ಹತ್ತಿ ಆ ಸಭಾಂಗಣದ ಬಾಗಿಲವರೆಗೆ ಹೋಗಿ ಬಂದಿದ್ದರು, ಆ ದಿನ ದಾರಿ ತಪ್ಪಬಾರದೆಂದು. ಬಾತ್‌ರೂಮ್ ಯಾವ ಕಡೆ ಎಂಬುದನ್ನೂ ವಿಚಾರಿಸಿಕೊಂಡಿದ್ದರು.

"ಕೋಟು ಹಾಕ್ಕೊಳ್ಲಾ, ಸ್ವೆಟರ್ ಸಾಕಾ?" ಎಂದೇ ಅವರು ಮಾತು ಶುರು ಮಾಡಿದರು.

"ಅಪ್ಪಾಜಿ, ನನ್ನ ಡೇಟ್ ಆಫ್ ಬರ್ತ್ ಸ್ಕೂಲಲ್ಲಿ ಬರೆದಿದ್ದು ನೀವೇ ಅಲ್ವಾ?"



"ನಾನೇ. ಸೇರ್ಸೋಕೆ ಐದು ತುಂಬಿರ್ಬೇಕಿತ್ತು. ನಿಂಗೆ ತುಂಬಿರ್ಲಿಲ್ಲ."

"ಒಂದು ವರ್ಷ ಕಾಯ್ಬಹುದಿತ್ತು."

"ಆ ವರ್ಷ ನಿಮ್ಮಮ್ಮ ಆಸ್ಪತ್ರೇಲಿದ್ಲು ಮಗಾ. ನಿನ್ನ ಯಾರ ಹತ್ರ ಬಿಡೋದು? ನನ್ನ ಕಣ್ಣೆದುರಿಗೆ ಇರ್ಲಿ ಅಂತ ಬರ್ಕೊಂಡ್ಬಿಟ್ಟೆ." ಆಮೇಲೆ ಹಳೆಯ ಹೆಡ್‌ಮಾಸ್ತರರ ದನಿಯಲ್ಲಿ, "ಯಾಕೆ, ತೊಂದ್ರೆ ಆಯ್ತಾ? ತಪ್ಪು ನಂದು ಅಂತ ಬರ್ಕೊಡ್ತೀನಿ. ಯಾರಿಗೆ ಬರೀಬೇಕು ಹೇಳು."

"ಏನಿಲ್ಲ. ಸುಮ್ನೆ ಕೇಳ್ದೆ."

"ಹಂಗಾದ್ರೆ ಕೋಟು?"

"ಸ್ವೆಟರ್ ಸಾಕು," ಎಂದಳು.

ವೆಸ್ಟ್ ಗೇಟ್ ಸೇತುವೆಯ ಮೇಲೆ ಅವಳಿಗೆ ಆ ತರಗತಿ ನೆನಪಾಯಿತು. ಅಪ್ಪನ ಮೇಜಿನ ಪಕ್ಕ ಒಂದು ಸಣ್ಣ ಸ್ಟೂಲು. ಮಧ್ಯಾಹ್ನವಾದರೆ ಹಾಜರಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದಳು. ಅವಳನ್ನು ಎಬ್ಬಿಸದೆ ಅವರು ನೆನಪಿನಿಂದಲೇ ಮೆಲ್ಲಗೆ ಹಾಜರಿ ಕರೆಯುತ್ತಿದ್ದರು. ಅವಳ ಹೆಸರು ಬಂದಾಗ ತಾವೇ ಹಾಜರ್ ಎನ್ನುತ್ತಿದ್ದರು.

ಗ್ರಂಥಾಲಯ ಎಂದು ಹೆಸರಾದರೂ ಅಲ್ಲಿ ಪುಸ್ತಕ ಕಡಿಮೆ. ಎಂದೋ ತೀರಿಕೊಂಡ ಪ್ರಧಾನಿಯೊಬ್ಬರ ಕಾಗದಪತ್ರ, ಕನ್ನಡಕ, ಕೆಂಪು ಹಗ್ಗದ ಆಚೆ ಅವರ ಮೇಜು. ಬಾಗಿಲಲ್ಲೇ ಫಲಕ: ನೀರು ಬೇಡ, ಪೆನ್ನು ಬೇಡ, ಬೆಂಕಿ ಬೇಡ. ತಿಂಗಳ ಮೊದಲ ಶನಿವಾರ ಹನ್ನೆರಡು ಮಂದಿ ಅಲ್ಲಿ ಪೆನ್ಸಿಲ್ ಹಿಡಿದು ಕೂತು, ಹೊಸ ಸಬರ್ಬುಗಳಿಗೆ ಬಸ್ಸು ಹೇಗೆ ತರಿಸುವುದು, ಮೊದಲ ಸಲ ಮತ ಹಾಕುವವರಿಗೆ ಯಾರು ಕಲಿಸುವುದು ಎಂದು ನಾಳೆಯೇ ದೇಶ ತಮ್ಮ ಕೈಗೆ ಬರುವ ಹಾಗೆ ಚರ್ಚಿಸುತ್ತಿದ್ದರು. ಬಸ್ಸು ಬಂದಿರಲಿಲ್ಲ. ದೇಶವೂ ಬಂದಿರಲಿಲ್ಲ. ಆದರೆ ಆಫೀಸಿನಲ್ಲಿ 'ಮಹಾ' ಆಗಿದ್ದವಳ ಪೂರ್ತಿ ಹೆಸರನ್ನು, ಬಳಗ ನಡೆಸುವ ಬ್ರಿಜಿಟ್ ಮೊದಲ ದಿನವೇ ಕೇಳಿ ಬರೆದುಕೊಂಡು, ಮುಂದಿನ ತಿಂಗಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಈ ಊರು ಅವಳಿಗಾಗಿ ಅಷ್ಟು ಕಷ್ಟಪಟ್ಟದ್ದು ಅದೊಂದೇ ಸಲ.

ಕಾರು ನಿಲ್ಲಿಸಿ ಅವಳು ವಾಕ್ಯವನ್ನು ಮೂರು ಸಲ ಕಟ್ಟಿದಳು. ನನ್ನ ಹುಟ್ಟಿದ ದಿನದಲ್ಲಿ ಒಂದು ಸಣ್ಣ... ವ್ಯತ್ಯಾಸ ಎಂದರೆ ಬ್ರಿಜಿಟ್‌ಗೆ ತಿಳಿಯುವುದಿಲ್ಲ. ತಪ್ಪು ಎಂದರೆ ಯಾರದೆಂದು ಕೇಳುತ್ತಾಳೆ. ಸುಳ್ಳು ಎಂದರೆ, 'ಮೇಲೆ ಬರೆದದ್ದೆಲ್ಲ ಸತ್ಯ' ಎಂಬ ಸಾಲಿನ ಕೆಳಗೆ ಎಷ್ಟೋ ಫಾರ್ಮುಗಳಲ್ಲಿ ಅವಳ ಸಹಿ ಇದೆ. ಯಾವುದೋ ಕಚೇರಿಯ ಕೌಂಟರಿನ ಮುಂದೆ ಎಂಬತ್ತರ ಮುದುಕರೊಬ್ಬರು, ತಪ್ಪು ನಂದು ಎಂದು ಬರೆದ ಕಾಗದ ಹಿಡಿದು, ಸ್ವೆಟರ್ ಹಾಕಿಕೊಂಡು ನಿಂತಿರುವುದು ಅವಳಿಗೆ ಕಾಣಿಸಿತು.

ಬ್ರಿಜಿಟ್‌ಳ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳ ಕಣ್ಣು ಕೆಂಪಗಿತ್ತು.

"ಆ ನಿಯಮ ಮಾಡಿದವರಿಗೆ ನಿನ್ನ ಪರಿಚಯ ಇರಲಿಲ್ಲ, ಮಹಾಶ್ವೇತಾ," ಎಂದಳು ಬ್ರಿಜಿಟ್. ಒಂದು ಅಕ್ಷರವೂ ತಪ್ಪಲಿಲ್ಲ.

"ನನ್ನ ಹುಟ್ಟಿದ ದಿನ..."

"ಗೊತ್ತು. ನೀನು ಬಂದ ವರ್ಷವೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಒಂದು ಸಲವಾದರೂ ಶನಿವಾರ ಬೀಳಲಿ ಅಂತ ಆರು ವರ್ಷದಿಂದ ಕಾಯುತ್ತಿದ್ದೇನೆ." ಬ್ರಿಜಿಟ್ ಅವಳ ಕೈ ಹಿಡಿದುಕೊಂಡಳು. "ನೀನು ಏನೋ ಹೇಳುತ್ತಿದ್ದೆ."

ಕೈ ಬೆಚ್ಚಗಿತ್ತು. ಆರು ವರ್ಷ ಜೋಪಾನವಾಗಿಟ್ಟ ತಾರೀಖನ್ನು ಕಿತ್ತುಕೊಳ್ಳುವುದು ಹೇಗೆಂದು ಮಹಾಶ್ವೇತಾಗೆ ಹೊಳೆಯಲಿಲ್ಲ.

"ಥ್ಯಾಂಕ್ಸ್ ಹೇಳೋಣ ಅಂತ," ಎಂದಳು.

ಹೊರಗೆ ಹರ್ಷಿತಾ ಕಾದಿದ್ದಳು. ಇಪ್ಪತ್ತಾರರ ಹುಡುಗಿ, ಊರಿನ ಇನ್ನೊಂದು ತುದಿಯ ಸಬರ್ಬು ಕ್ಲೈಡ್ ನಾರ್ತ್‌ನವಳು. ಬಳಗಕ್ಕೆ ಅವಳನ್ನು ಕರೆತಂದವಳು, ಎದ್ದು ನಿಂತು ಮಾತಾಡಲು ಕಲಿಸಿದವಳು ಮಹಾಶ್ವೇತಾ. ಸಿಡ್ನಿಯ ಮಾತು ಈಗ ಅವಳ ಪಾಲಿಗೆ ಬಂದಿತ್ತು.

"ಅಕ್ಕಾ, ನಂಗೆ ಬೇಡ್ವೇ ಬೇಡ ಅಂದೆ. ಪ್ರಾಮಿಸ್. ಕೇಳ್ಲಿಲ್ಲ ಅವ್ರು." ಹರ್ಷಿತಾ ಅವಳ ತೋಳಿಗೆ ಆತುಕೊಂಡಳು. "ನಿಮ್ಮ ಸ್ಪೀಚೇ ಓದ್ಲಾ? ಒಂದು ವರ್ಡೂ ಚೇಂಜ್ ಮಾಡಲ್ಲ."

ಭಾಷಣದ ವಿಷಯ 'ನಾನು ಇಲ್ಲಿಯವಳು' ಎಂದು. ಮಹಾಶ್ವೇತಾ ಅದನ್ನು ಹನ್ನೊಂದು ಸಲ ತಿದ್ದಿದ್ದಳು.

"ಸಬರ್ಬ್ ಹೆಸ್ರು ಬದಲಾಯ್ಸ್ಕೋ. ಉಳಿದದ್ದೆಲ್ಲ ಹೊಂದುತ್ತೆ."

"ನಿಮ್ಮ ಅಪ್ಪಾಜಿ ಬರ್ತಾರಲ್ವಾ? ಫ್ರಂಟ್ ಸೀಟ್ ಇಡಿಸ್ತೀನಿ."

"ನೋಡೋಣ."

ಸಭೆಯ ಕೋಣೆಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ಕೆಂಪು ಹಗ್ಗದ ಈಚೆ, ಸಣ್ಣ ಮೇಜಿನ ಮೇಲೆ ಕೇಕು. ಅವಳ ಪೂರ್ತಿ ಹೆಸರು ಕ್ರೀಮಿನಲ್ಲಿ, ಅದರ ಮೇಲೆ ನಾಲ್ಕು ಮತ್ತು ಸೊನ್ನೆಯ ಆಕಾರದ ಎರಡು ಮೇಣದಬತ್ತಿ. ಹಾಡಿದರು. ಶ್ರುತಿ ಒಬ್ಬೊಬ್ಬರದು ಒಂದೊಂದು, ಪ್ರೀತಿ ಮಾತ್ರ ನಿಜವಾಗಿತ್ತು. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅದು ಯಾರಿಗೆ ಸಲ್ಲಬೇಕಾದದ್ದು ಎಂಬುದಷ್ಟೇ ಗೊತ್ತಾಗಲಿಲ್ಲ. ಇಂದು ಹುಟ್ಟಿದ ಆ ಹೆಂಗಸು ಬರಲಿ ಎಂಬಂತೆ ಒಮ್ಮೆ ಬಾಗಿಲ ಕಡೆ ನೋಡಿದಳು.

"ಇಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ," ಎಂದು ಬ್ರಿಜಿಟ್ ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು. "ಆದರೂ ಊದಿಬಿಡು."

ಮಹಾಶ್ವೇತಾ ಬಗ್ಗಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಊದಿದಳು. ಚಪ್ಪಾಳೆ ಬಿತ್ತು. ಬತ್ತಿಗಳು ಅಂಗಡಿಯಿಂದ ತಂದಷ್ಟೇ ಬೆಳ್ಳಗೆ, ನೆಟ್ಟಗೆ ನಿಂತಿದ್ದವು.

"ಅಕ್ಕಾ, ಫೋಟೋ ಸರಿಯಾಗಿ ಬರ್ಲಿಲ್ಲ," ಎಂದಳು ಹರ್ಷಿತಾ. "ಇನ್ನೊಂದ್ಸಲ."

ಅವಳು ಮತ್ತೆ ಬಗ್ಗಿದಳು.